ಇತಿಹಾಸದ ತಿರುವಿನಲ್ಲಿ ಸಾಮಾನ್ಯ ಮನುಷ್ಯ



ಕೆಲವು ವರ್ಷಗಳ ಹಿಂದೆ ಕಲಘಟಗಿಯಲ್ಲಿ ವಿದ್ಯಾರ್ಥಿಗಳಿಗೆ ಇತಿಹಾಸದ ಬಗ್ಗೆ ನಾಲ್ಕು ಮಾತು ಹೇಳಲು ಹೋಗಿದ್ದೆ. ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮ ಕಲಘಟಗಿ ಹೆಸರು ಇತಿಹಾಸದ ಪುಸ್ತಕದಾಗ ಎಲ್ಲೆರೆ ಐತೇನ್ರಿ?" ಎಂದು ಕೇಳಿದ. ಉಳಿದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಹೇಳಲಾಗಲಿಲ್ಲ. ಆ ಹುಡುಗನ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು. ಇತಿಹಾಸ ಎಂಬುದು ದಿಲ್ಲಿ, ಲಂಡನ್, ಪ್ಯಾರಿಸ್‌ಗಳಲ್ಲಿ ದೊಡ್ಡವರು ಮಾಡುವ ಕೆಲಸವೇ? ನಮ್ಮಂಥವರು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯಲಿಕ್ಕಷ್ಟೇ ಇರುವವರೇ? ಪರದೆಯ ಮೇಲಿನ ಮಾತಿಗೆ ಕಾಲಮಿತಿ ಇರುತ್ತದೆ. ಅಲ್ಲಿ ಹೇಳಲು ಆಗದಿರುವುದನ್ನು ಈ ಪುಟಗಳಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಒಂದು ನಕಾಶೆ ತೆಗೆದುಕೊಳ್ಳಿ. ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಹೋಗುವ ದಾರಿಯಲ್ಲಿ, ಸುಮಾರು 30 ಕಿಲೋಮೀಟರ್ ಅಂತರದಲ್ಲಿ, ಕಲಘಟಗಿ ಇದೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಮಲೆನಾಡಿನ ಸೆರಗು, ಭತ್ತ ಬೆಳೆಯುವ ಸೀಮೆ. ಇಲ್ಲಿ ಬಿದ್ದ ಮಳೆ ಬೇಡ್ತಿ ಹೊಳೆಯನ್ನು ಸೇರುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಪಡೆದು, ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದೇ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ ಕುಂದಗೋಳ, ನವಲಗುಂದಗಳ ಎರೆಭೂಮಿ ಇದೆ. ಅಲ್ಲಿಯ ಮಳೆ ಬೆಣ್ಣಿಹಳ್ಳಕ್ಕೆ ಇಳಿದು, ಮಲಪ್ರಭೆ ಸೇರಿ, ಕೃಷ್ಣೆಯ ಜೊತೆ ಆಂಧ್ರವನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡರ ನಡುವೆ ಇರುವುದು ಹಿಮಾಲಯವಲ್ಲ, ಬಸ್ಸಿನಲ್ಲಿ ಹೋಗುವವರಿಗೆ ಗೊತ್ತೂ ಆಗದ ಒಂದು ಏರು. ಆ ಏರಿನ ನೆತ್ತಿಯ ಮೇಲೆ ಬಿದ್ದ ಹನಿ ಒಂದು ಗೇಣು ಈಚೆ ಬಿದ್ದರೆ ಪಶ್ಚಿಮ ಸಮುದ್ರ, ಆಚೆ ಬಿದ್ದರೆ ಪೂರ್ವ ಸಮುದ್ರ. ಹನಿಯ ಗಾತ್ರ ಎಲ್ಲ ಕಡೆ ಒಂದೇ. ಬಿದ್ದ ಜಾಗ ಮಾತ್ರ ಬೇರೆ.

ಜಗತ್ತಿನ ಇತಿಹಾಸದಲ್ಲಿ ಇಂಥ ಹನಿಗಳ ಕಥೆ ನೀವು ಓದಿದ್ದೀರಿ. 1914ರ ಜೂನ್ 28ರಂದು ಸರಾಯೆವೋ ನಗರದಲ್ಲಿ ಆಸ್ಟ್ರಿಯಾದ ಯುವರಾಜನಿಗೆ ಗುಂಡು ಹಾಕಿದ ಗಾವ್ರಿಲೋ ಪ್ರಿನ್ಸಿಪ್‌ಗೆ ಆಗ 19 ವರ್ಷ, ನಿಮ್ಮಲ್ಲಿ ಅನೇಕರ ವಯಸ್ಸು. ಯುವರಾಜನ ಮೋಟಾರಿನ ಚಾಲಕ ದಾರಿ ತಪ್ಪಿ ತಿರುಗಿಸಿದ ಗಾಡಿ ಅವನ ಎದುರಿಗೇ ಬಂದು ನಿಂತಿತು. ಮುಂದಿನ ನಾಲ್ಕು ವರ್ಷ ಯುರೋಪು ಉರಿಯಿತು. ಈ ಕಥೆ ರೋಚಕವಾಗಿದೆ ನಿಜ. ಆದರೆ ಇಷ್ಟನ್ನೇ ಓದಿದವರು ಒಂದು ತಪ್ಪು ತಿಳಿವಳಿಕೆಗೆ ಬೀಳುತ್ತಾರೆ. ಇತಿಹಾಸವೆಲ್ಲ ಅಕಸ್ಮಾತ್ತು, ಯಾರೋ ಒಬ್ಬ ಕೈಯೆತ್ತಿದರೆ ಸಾಮ್ರಾಜ್ಯ ಉರುಳುತ್ತದೆ ಎಂದುಕೊಳ್ಳುತ್ತಾರೆ. ನಮ್ಮ ಹತ್ತಿರದ ನೆಲದ ಉದಾಹರಣೆಗಳನ್ನು ಸಾವಧಾನವಾಗಿ ನೋಡಿದರೆ ಹಾಗಲ್ಲ ಎಂಬುದು ತಿಳಿಯುತ್ತದೆ.

ಸಂಗೊಳ್ಳಿ ರಾಯಣ್ಣ ನಿಮಗೆ ಹೊಸಬನಲ್ಲ. ಆದರೆ ಅವನ ಹುದ್ದೆ ಏನಿತ್ತು ಎಂದು ಎಂದಾದರೂ ಯೋಚಿಸಿದ್ದೀರಾ? ಅವನು ಕಿತ್ತೂರು ಸಂಸ್ಥಾನದ ಶೆತಸನದಿ. ಎಂದರೆ, ಊರ ಕಾವಲು ಮತ್ತು ಸಂಸ್ಥಾನದ ಸೇವೆಗೆ ಪ್ರತಿಯಾಗಿ ಒಂದಿಷ್ಟು ಜಮೀನು ಉಂಡುಕೊಂಡಿದ್ದ ಮನುಷ್ಯ. ರಾಜನಲ್ಲ, ದೇಸಾಯಿಯಲ್ಲ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಇಂಥ ಜಮೀನುಗಳ ಮೇಲೆ ಕಣ್ಣು ಹಾಕಿತು. ಎಲ್ಲಿಯೋ ಕುಳಿತ ಅಧಿಕಾರಿಗೆ ಅದು ಲೆಕ್ಕದ ಪುಸ್ತಕದ ಒಂದು ಸಾಲು. ಆ ಸಾಲಿನ ತುದಿಯಲ್ಲಿದ್ದ ಸಾವಿರಾರು ಮನೆಗಳಿಗೆ ಅದು ಅನ್ನದ ಪ್ರಶ್ನೆ. ರಾಯಣ್ಣ ಕಂಪನಿಯ ವಿರುದ್ಧ ಎದ್ದಾಗ ಅವನ ಬೆನ್ನಿಗೆ ನಿಂತವರಲ್ಲಿ ಹೆಚ್ಚಿನವರು ಹೀಗೆ ನೆಲ ಕಳೆದುಕೊಂಡವರು ಅಥವಾ ಕಳೆದುಕೊಳ್ಳುವ ಭಯದಲ್ಲಿದ್ದವರು. ಅವನು ಸರ್ಕಾರಿ ಕಚೇರಿಗಳನ್ನು, ಕಂದಾಯದ ಕಾಗದಪತ್ರಗಳನ್ನು ಸುಟ್ಟದ್ದು ಸುಮ್ಮನೆ ಅಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಲೆಕ್ಕಕ್ಕೆ ನೋಡಿದರೆ ರಾಯಣ್ಣ ಸೋತ. ಕಿತ್ತೂರು ಮರಳಿ ಬರಲಿಲ್ಲ, ಕಂಪನಿ ಅಲುಗಲಿಲ್ಲ. ಅವನ ಪ್ರಭಾವ ಆರಂಭವಾದದ್ದೇ ಸತ್ತ ಮೇಲೆ. ಗೀಗೀ ಮೇಳದವರು, ಲಾವಣಿ ಹಾಡುವವರು ಅವನನ್ನು ಊರಿಂದೂರಿಗೆ ಹೊತ್ತುಕೊಂಡು ಹೋದರು. ಆ ಹಾಡು ಕಟ್ಟಿದವರಲ್ಲಿ ಬಹಳ ಜನರ ಹೆಸರೇ ನಮಗೆ ಉಳಿದಿಲ್ಲ. ನಂದಗಡದ ಆಲದ ಮರಕ್ಕೆ ಮಕ್ಕಳನ್ನು ಬೇಡಿಕೊಂಡವರು ಪುಟ್ಟ ತೊಟ್ಟಿಲು ಕಟ್ಟುವ ರೂಢಿ ಇದೆ. ಕಂಪನಿ ಸರ್ಕಾರ ಅಪರಾಧಿ ಎಂದು ಬರೆದಿಟ್ಟ ಮನುಷ್ಯನ ಹೆಸರಿನಲ್ಲಿ ಜನ ತೊಟ್ಟಿಲು ಕಟ್ಟುತ್ತಾರೆ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಒಂದು ದಾಖಲೆಯೆಂದೇ ಭಾವಿಸಬೇಕು ಎಂಬುದು ನನ್ನ ಅಭಿಪ್ರಾಯ.

ಈಗ 1953ಕ್ಕೆ ಬರೋಣ. ಆಗ ಕಲಘಟಗಿ ಯಾವ ರಾಜ್ಯದಲ್ಲಿತ್ತು ಹೇಳಿ? ಮುಂಬಯಿ ರಾಜ್ಯದಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆಗಳು ಮುಂಬಯಿಗೆ ಸೇರಿದ್ದವು. ಉಳಿದ ಕನ್ನಡ ನಾಡು ಮೈಸೂರು, ಹೈದರಾಬಾದು, ಮದ್ರಾಸು, ಕೊಡಗು ಎಂದು ಹಂಚಿಹೋಗಿತ್ತು. ಕನ್ನಡಿಗರನ್ನು ಒಂದುಗೂಡಿಸಬೇಕೆಂಬ ಮಾತು ಹೊಸದಾಗಿರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಆಲೂರು ವೆಂಕಟರಾಯರು ಜೀವನವನ್ನೇ ಇದಕ್ಕೆ ತೇಯ್ದರು. ಸಭೆ, ಠರಾವು, ಮನವಿಪತ್ರಗಳು ಅರವತ್ತು ವರ್ಷ ನಡೆದಿದ್ದವು. ಸ್ವಾತಂತ್ರ್ಯ ಬಂದ ಮೇಲೂ ದಿಲ್ಲಿಯಿಂದ ಬರುತ್ತಿದ್ದ ಉತ್ತರ ಒಂದೇ: ಸ್ವಲ್ಪ ತಡೆಯಿರಿ.

ಅಷ್ಟರಲ್ಲಿ ನೆರೆಯ ತೆಲುಗು ನಾಡಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸ ಕುಳಿತು 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟರು. ನಾಲ್ಕೇ ದಿನಗಳಲ್ಲಿ ಪ್ರಧಾನಿ ನೆಹರೂ ಆಂಧ್ರ ರಾಜ್ಯದ ಘೋಷಣೆ ಮಾಡಬೇಕಾಯಿತು. ಇಲ್ಲಿ ಒಂದು ಸಣ್ಣ ಸಂಗತಿಯನ್ನು ನೆನಪಿಡಿ. ಶ್ರೀರಾಮುಲುಗಿಂತ ಮೊದಲು, 1951ರಲ್ಲಿ, ಇದೇ ಬೇಡಿಕೆಗಾಗಿ ಸ್ವಾಮಿ ಸೀತಾರಾಮ್ ಎಂಬುವರು ಒಂದು ತಿಂಗಳಿಗೂ ಮಿಕ್ಕಿ ಉಪವಾಸ ಮಾಡಿದ್ದರು. ವಿನೋಬಾ ಅವರ ಮಾತಿಗೆ ಓಗೊಟ್ಟು ನಿಲ್ಲಿಸಿದರು. ಅವರ ಹೆಸರು ನಿಮ್ಮ ಪುಸ್ತಕದಲ್ಲಿ ಇರಲಿಕ್ಕಿಲ್ಲ.

ಆಂಧ್ರದ ಸುದ್ದಿ ಬಂದಾಗ ಧಾರವಾಡ ಸೀಮೆಯ ಜನರಿಗೆ ಅನ್ನಿಸಿದ್ದೇನೆಂದರೆ, "ನಾವು ಅರವತ್ತು ವರ್ಷ ಅರ್ಜಿ ಬರೆದದ್ದು ದಂಡವಾಯಿತಲ್ಲ!" ಈ ಹೊತ್ತಿನಲ್ಲಿ ಹುಬ್ಬಳ್ಳಿಯ ಹತ್ತಿರದ ಅದರಗುಂಚಿ ಎಂಬ ಹಳ್ಳಿಯ ಶಂಕರಗೌಡ ಪಾಟೀಲರು 1953ರ ಮಾರ್ಚ್ ಕೊನೆಯಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಆಮರಣ ಉಪವಾಸ ಆರಂಭಿಸಿದರು. ಊರಿಗೆ ಗೌಡರು ಎಂದರೆ ಊರೊಳಗೆ ದೊಡ್ಡವರೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮುಂಬಯಿ ಸರ್ಕಾರದ ಕಣ್ಣಿಗೆ, ದಿಲ್ಲಿಯ ಕಣ್ಣಿಗೆ, ಅಷ್ಟೇ ಏಕೆ, ಕರ್ನಾಟಕದ ಕಾಂಗ್ರೆಸ್ ಮುಖಂಡರ ಕಣ್ಣಿಗೂ ಅವರು ಯಾರೂ ಅಲ್ಲ. ಉಪವಾಸ ಮೂರು ವಾರ ದಾಟಿತು. ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಜನ ಬರತೊಡಗಿದರೆ ಎಂಥ ವಾತಾವರಣ ಇರುತ್ತದೆ ಎಂಬುದನ್ನು ನೀವು ಊಹಿಸಿಕೊಳ್ಳಿ. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಮಿತಿಯ ಸಭೆ ಸೇರಿತ್ತು. ಹೊರಗೆ ನೆರೆದ ಜನ ಮುಖಂಡರಿಂದ ಕೇಳಬಯಸಿದ್ದು ಒಂದೇ ಮಾತು: ರಾಜೀನಾಮೆ ಕೊಡುತ್ತೀರೋ ಇಲ್ಲವೋ? ಗಲಭೆಯಾಯಿತು. ಬಹಳ ಜನ ಬಂಧಿತರಾದರು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ಸದಸ್ಯತ್ವವನ್ನೇ ಬಿಟ್ಟುಕೊಟ್ಟರು.

ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಕಲಘಟಗಿಯ ಹುಡುಗನ ಅಜ್ಜ ಆ ದಿನ ಮುಂಬಯಿಯವನಾಗಿ ಮಲಗಿ ಮೈಸೂರಿನವನಾಗಿ ಎದ್ದ!

ಹಾಗಾದರೆ ಶಂಕರಗೌಡರು ಉಪವಾಸ ಮಾಡದಿದ್ದರೆ ಕರ್ನಾಟಕ ಆಗುತ್ತಿರಲಿಲ್ಲವೇ? ಆಗುತ್ತಿತ್ತು ಎಂದೇ ನನಗೆ ತೋರುತ್ತದೆ. ಆಯೋಗ ಬಂದದ್ದು ದೇಶದ ಎಲ್ಲ ಕಡೆಯ ಒತ್ತಡದಿಂದ. ಅದರಗುಂಚಿಯ ಉಪವಾಸ ಮಾಡಿದ ಕೆಲಸ ಬೇರೆ. ಅಲ್ಲಿಯವರೆಗೆ ಏಕೀಕರಣ ಎಂಬುದು ಬಹುಮಟ್ಟಿಗೆ ವಕೀಲರು, ಸಾಹಿತಿಗಳು, ಪತ್ರಿಕೆಯವರು ಆಡುವ ಮಾತಾಗಿತ್ತು. ಅದು ಹಗೇವು, ಕಣ, ಕಟ್ಟೆಗಳ ಮಾತಾದದ್ದು ಈ ಉಪವಾಸದಿಂದ. ನಾಯಕರು ಜನರನ್ನು ಕರೆದೊಯ್ಯುತ್ತಿದ್ದ ಕಾಲ ಹೋಗಿ, ಜನ ನಾಯಕರನ್ನು ದೂಡುವ ಕಾಲ ಬಂತು. ಫಲ ಅದೇ ಇರಬಹುದು. ಆದರೆ ಅದು ಯಾರ ಕೈಯಿಂದ ಬಂತು ಎಂಬುದೂ ಇತಿಹಾಸವೇ ಅಲ್ಲವೇ?

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ನವಲಗುಂದ. ನಕಾಶೆಯಲ್ಲಿ ಹುಬ್ಬಳ್ಳಿಯಿಂದ ಈಶಾನ್ಯಕ್ಕೆ ನೋಡಿ. ನವಲಗುಂದ, ಅದರಾಚೆ ನರಗುಂದ. ನರಗುಂದ 1997ರಿಂದ ಗದಗ ಜಿಲ್ಲೆಯಲ್ಲಿದೆ. 1980ರಲ್ಲಿ ಎರಡೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಮಳೆಯನ್ನೇ ನಂಬಿದ ಎರೆಭೂಮಿ ಇದು. ಹಿಂಗಾರಿ ಜೋಳ, ಕಡಲೆ, ಹತ್ತಿ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಗಿ ಕಾಲುವೆ ಬಂದಾಗ ಜನ ಕಂಡ ಕನಸು ಸಣ್ಣದಲ್ಲ. 1972ರಲ್ಲಿ ಧಾರವಾಡದಲ್ಲಿಯೇ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಸಿದ್ಧವಾಗಿತ್ತು. ಒಳ್ಳೆಯ ಇಳುವರಿ, ಒಳ್ಳೆಯ ಬೆಲೆ. ನೀರು ಬರುತ್ತದೆ, ಹತ್ತಿ ಬೆಳೆಯುತ್ತದೆ, ಸಾಲ ತೀರುತ್ತದೆ ಎಂಬುದು ಲೆಕ್ಕ.

ಲೆಕ್ಕ ತಪ್ಪಿದ್ದು ಎಲ್ಲಿ? ಕಾಲುವೆಯ ತುದಿಯವರಿಗೆ ನೀರು ಸರಿಯಾಗಿ ಮುಟ್ಟಲಿಲ್ಲ. ಮುಟ್ಟಿದ ಕಡೆ, ನೀರು ಬಸಿಯದ ಎರೆಮಣ್ಣಿನಲ್ಲಿ ಜವುಳು ಹಿಡಿಯಿತು, ಸವಳು ಮೇಲೆ ಬಂತು. ಹೈಬ್ರಿಡ್ ಹತ್ತಿಗೆ ಗೊಬ್ಬರ, ಔಷಧಿಗಳ ಖರ್ಚು ಏರುತ್ತ ಹೋಯಿತು, ಬೆಲೆ ಮಾತ್ರ ಇಳಿಯಿತು. ಇದರ ಮೇಲೆ ಬಂದದ್ದು ಬೆಟರ್‌ಮೆಂಟ್ ಲೆವಿ. ಅಣೆಕಟ್ಟಿನಿಂದ ನಿಮ್ಮ ಜಮೀನಿನ ಬೆಲೆ ಹೆಚ್ಚಿದೆ, ಆ ಹೆಚ್ಚಳದಲ್ಲಿ ಸರ್ಕಾರಕ್ಕೆ ಪಾಲು ಕೊಡಿ ಎಂಬುದು ಅದರ ತತ್ವ. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಹೊಲಕ್ಕೆ ನೀರೇ ಬರದವನ ಉತಾರದಲ್ಲೂ "ನೀರಾವರಿ" ಎಂದು ಬಿದ್ದರೆ ಅವನು ಏನು ಮಾಡಬೇಕು? ಸುಧಾರಣೆಯಾಗದ ಭೂಮಿಗೆ ಸುಧಾರಣೆಯ ಕರ! ನೀರಿನ ಕರದ ಬಾಕಿಯೂ ಅದರ ಜೊತೆ ಬೆಳೆಯುತ್ತಿತ್ತು.

ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು. ಅರ್ಜಿ ಕೊಟ್ಟರು. ಸತ್ಯಾಗ್ರಹ ಕುಳಿತರು. ತಿಂಗಳುಗಟ್ಟಲೆ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಆರ್. ಗುಂಡೂರಾಯರ ಸರ್ಕಾರ ಆ ವರ್ಷದ ಜನವರಿಯಲ್ಲಷ್ಟೇ ಬಂದಿತ್ತು, ಅದಕ್ಕೆ ಬಹುಮತವೂ ಗಟ್ಟಿಯಾಗಿತ್ತು. ಎಲ್ಲೋ ಬಯಲುಸೀಮೆಯ ಮೂರು ತಾಲ್ಲೂಕುಗಳ ರೈತರು ಏನು ಮಾಡಿಯಾರು?

1980ರ ಜುಲೈ 21. ನವಲಗುಂದ, ನರಗುಂದ ಎರಡೂ ಊರುಗಳಲ್ಲಿ ಬಂದ್ ಕರೆ. ಸಾವಿರಾರು ರೈತರು ಸೇರಿದರು. ತಹಶೀಲದಾರ ಕಚೇರಿ ನಡೆಯಗೊಡಬಾರದು ಎಂಬುದು ಹಟ. ಮಾತಿಗೆ ಮಾತು ಬೆಳೆಯಿತು, ಕಲ್ಲು ಬಿತ್ತು, ಗುಂಡು ಹಾರಿತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಸತ್ತರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ನರಗುಂದದಲ್ಲಿ ಪೊಲೀಸರೂ ಸತ್ತರು. ಈ ಕೊನೆಯ ಮಾತನ್ನು ಅನೇಕರು ಹೇಳದೆ ಬಿಡುತ್ತಾರೆ. ಬಿಡಬಾರದು. ಹೊಟ್ಟೆಪಾಡಿಗೆ ಖಾಕಿ ತೊಟ್ಟ ಅವರೂ ಸಾಮಾನ್ಯರೇ. ಅವರ ಹೆಸರಿನಲ್ಲಿ ಯಾರೂ ಹಾಡು ಕಟ್ಟಲಿಲ್ಲ.

ಮುಂದೆ ನಡೆದದ್ದನ್ನು ಬೇಗ ಹೇಳುತ್ತೇನೆ. ಕಿಚ್ಚು ಸುತ್ತಲ ತಾಲ್ಲೂಕುಗಳಿಗೆ, ಅಲ್ಲಿಂದ ಇಡೀ ರಾಜ್ಯಕ್ಕೆ ಹಬ್ಬಿತು. ಬೇರೆ ಕಡೆಗಳಲ್ಲೂ ಗೋಲೀಬಾರ್ ನಡೆದು ಇನ್ನಷ್ಟು ಜನ ಸತ್ತರು. ಸರ್ಕಾರ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ಅದೇ ವರ್ಷ ಶಿವಮೊಗ್ಗೆಯ ಕಡೆ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಸೇರಿ ಕರ್ನಾಟಕ ರಾಜ್ಯ ರೈತ ಸಂಘವನ್ನು ಕಟ್ಟಿದರು. ಹಸಿರು ಟವಲ್ ಹಳ್ಳಿಹಳ್ಳಿಯ ಹೆಗಲೇರಿತು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಟವು. ಗೋಕಾಕ್ ಚಳವಳಿ ಬಂತು. 1983ರ ಜನವರಿ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಆಳುವ ಕಾಂಗ್ರೆಸ್ಸಿಗೆ ದಕ್ಕಿದ್ದು 82. ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ರೈತ ಸಂಘ ಮುಂದೆ ಬೀಜ ಕಂಪನಿಗಳನ್ನು, ಪರದೇಶದ ಕೋಳಿ ಅಂಗಡಿಯನ್ನು ಎದುರಿಸಿ ಜಗತ್ತಿನ ಪತ್ರಿಕೆಗಳಲ್ಲೂ ಸುದ್ದಿಯಾಯಿತು.

ಇಷ್ಟೆಲ್ಲವನ್ನೂ ಬಸಪ್ಪ ಲಕ್ಕುಂಡಿ, ವೀರಪ್ಪ ಕಡ್ಲಿಕೊಪ್ಪ ಇಬ್ಬರ ತಲೆಗೆ ಕಟ್ಟುವುದು ಸರಿಯೇ? ಚುನಾವಣೆಯ ಸೋಲಿಗೆ ಹತ್ತು ಕಾರಣ ಇದ್ದವು. ರೈತ ಸಂಘ ಕಟ್ಟಿದವರ ಬಳಿ ಅವರದೇ ವಿಚಾರ, ಅವರದೇ ಸಿದ್ಧತೆ ಇತ್ತು. ಅವರಿಬ್ಬರು ಆ ದಿನ ಬೆಳಿಗ್ಗೆ ಸರ್ಕಾರ ಉರುಳಿಸಲು ಮನೆಯಿಂದ ಹೊರಟವರೂ ಅಲ್ಲ. ಆದರೆ ಹೀಗೆ ನೋಡಿ. ಹಿಂದಿನ ದಿನದವರೆಗೆ ಅದು ಮಲಪ್ರಭೆಯ ಕಾಲುವೆಯವರ ಜಗಳ, ಕರದ ವಿಷಯ, ಇಂಜಿನಿಯರುಗಳ ವಿಷಯ. ಮಾರನೆಯ ದಿನದಿಂದ ಅದು ಮಂಡ್ಯದ ಕಬ್ಬಿನವನಿಗೂ, ಶಿವಮೊಗ್ಗೆಯ ಭತ್ತದವನಿಗೂ ತನ್ನ ಮನೆಯ ಸಾವಿನಂತೆ ಕಂಡಿತು. ಬೇರೆ ಬೇರೆ ಬೆಳೆ, ಬೇರೆ ಬೇರೆ ಜಾತಿ, ಬೇರೆ ಬೇರೆ ಸಂಕಟದ ಜನರಿಗೆ "ರೈತ" ಎಂಬ ಒಂದೇ ಹೆಸರು ಅಂದು ಸಿಕ್ಕಿತು. ಯಾವ ನಾಯಕನ ಭಾಷಣದಿಂದಲೂ ಆಗದಿದ್ದ ಕೆಲಸ ಅದು. ಹುಲ್ಲಿನ ಬಣವಿ ಹತ್ತು ವರ್ಷದಿಂದ ಒಣಗುತ್ತ ಬಿದ್ದಿತ್ತು. ಬಣವಿ ಒಟ್ಟಿದವರು ಅವರಲ್ಲ.

2010ರ ಡಿಸೆಂಬರ್ 17ರಂದು ಟ್ಯುನಿಸಿಯಾ ದೇಶದ ಸಣ್ಣ ಊರೊಂದರಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮ್ಮದ್ ಬೌಅಜೀಜಿ ಅಧಿಕಾರಿಗಳ ಕಿರುಕುಳ ತಾಳದೆ ಮೈಗೆ ಬೆಂಕಿ ಹಚ್ಚಿಕೊಂಡ. 28 ದಿನಗಳಲ್ಲಿ, 23 ವರ್ಷ ಆಳಿದ ಅಧ್ಯಕ್ಷ ದೇಶ ಬಿಟ್ಟು ಓಡಿದ. ಪತ್ರಿಕೆಗಳಲ್ಲಿ ಆ ಸುದ್ದಿ ಓದಿದಾಗ ನನಗೆ ನವಲಗುಂದವೇ ನೆನಪಾಯಿತು. ಒಬ್ಬನ ನೋವು ಉಳಿದವರಿಗೆ ತಮ್ಮದೆಂದು ಗುರುತು ಸಿಗುವ ಆ ಗಳಿಗೆ ಎಲ್ಲ ಕಡೆಗೂ ಒಂದೇ ರೀತಿಯದು.

ಹಾಗೆ ಗುರುತು ಸಿಗದೆ ಹೋದವರ ಪಟ್ಟಿ ಬಹಳ ಉದ್ದ. ಅಮೆರಿಕದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ಬಿಳಿಯರಿಗೆ ಬಸ್ಸಿನ ಆಸನ ಬಿಟ್ಟುಕೊಡಲು ಒಲ್ಲೆನೆಂದ ರೋಸಾ ಪಾರ್ಕ್ಸ್ ಹೆಸರು ನಿಮಗೆ ಗೊತ್ತು. ಅದೇ ಊರಿನಲ್ಲಿ, ಅದೇ ವರ್ಷ ಮಾರ್ಚ್ 2ರಂದು, ಅದೇ ಕೆಲಸ ಮಾಡಿ ಬಂಧಿತಳಾದ 15 ವರ್ಷದ ಶಾಲಾ ಹುಡುಗಿ ಕ್ಲಾಡೆಟ್ ಕಾಲ್ವಿನ್. ಧೈರ್ಯ ಅಷ್ಟೇ ಇತ್ತು, ವಯಸ್ಸು ಇನ್ನೂ ಚಿಕ್ಕದು. ಆದರೆ ಚಳವಳಿಯ ಹಿರಿಯರು ಅವಳ ಹೆಸರನ್ನು ಮುಂದಿಟ್ಟುಕೊಂಡು ಹೊರಡಲಿಲ್ಲ. ಸ್ವಾಮಿ ಸೀತಾರಾಮರನ್ನು ನೆನಪಿಡಿ ಎಂದು ಆಗ ಹೇಳಿದ್ದು ಇದಕ್ಕೇ. ಕಾಲ್ವಿನ್ ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದಳು, ಬಸ್ಸಿನ ಆ ಕಾನೂನು ಬಿದ್ದುಹೋದ ಮೊಕದ್ದಮೆಯಲ್ಲಿ ಅವಳೂ ಒಬ್ಬ ವಾದಿ. ಅದನ್ನು ತಿಳಿದವರು ಬಹಳ ಕಾಲ ಕಡಿಮೆಯೇ ಇದ್ದರು.

ಕಲಘಟಗಿಯ ಆ ಹುಡುಗನಿಗೆ ನಾನು ಅಂದು ಹೇಳಬೇಕಾಗಿದ್ದ ಉತ್ತರ ಬಹುಶಃ ಇಷ್ಟು: ನಿನ್ನ ಊರಿನ ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ, 1953ರ ಏಪ್ರಿಲಿನಲ್ಲಿ ನಿಮ್ಮ ಊರಿನಿಂದ ಹುಬ್ಬಳ್ಳಿಗೆ ಯಾರಾದರೂ ನಡೆದು ಹೋಗಿದ್ದರೇ ಎಂದು ಹಿರಿಯರನ್ನು ಕೇಳು. ಆ ಪೀಳಿಗೆಯವರು ಈಗ ಬಹಳ ಕಡಿಮೆ. ಕೇಳುವುದಾದರೆ ಈ ಬೇಸಿಗೆ ರಜೆಯಲ್ಲೇ ಕೇಳಬೇಕು. ಇಸವಿ ತಪ್ಪು ಹೇಳಿದರೂ ಬರೆದುಕೊಳ್ಳಿ, ಇಸವಿಯನ್ನು ಆಮೇಲೆ ಸರಿಪಡಿಸಬಹುದು.

ಪ್ರತಿ ವರ್ಷ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಹುತಾತ್ಮರಿಗೆ ಹೂಮಾಲೆ ಹಾಕಲು ಸೇರುತ್ತಾರೆ. ಎಲ್ಲ ಪಕ್ಷದ ಮುಖಂಡರೂ ಬರುತ್ತಾರೆ. ಅಲ್ಲಿ ಕೇಳಿಬರುವ ಬೇಡಿಕೆ ಈಗ ಮಹದಾಯಿಯದು. ಪಶ್ಚಿಮಕ್ಕೆ ಹರಿದು ಗೋವೆಯ ಮೂಲಕ ಅರಬ್ಬೀ ಸಮುದ್ರ ಸೇರುವ ಆ ಹೊಳೆಯ ಕಳಸಾ, ಬಂಡೂರಿ ಹಳ್ಳಗಳ ನೀರಿನಲ್ಲಿ ಒಂದು ಪಾಲನ್ನು ಪೂರ್ವಕ್ಕೆ ತಿರುಗಿಸಿ ಮಲಪ್ರಭೆಗೆ ತನ್ನಿ ಎಂದು ಕೇಳುತ್ತಾರೆ. 2015ರಿಂದ ಇದಕ್ಕಾಗಿ ವರ್ಷಗಟ್ಟಲೆ ಧರಣಿ ನಡೆಯಿತು. 2016ರ ಜುಲೈ ಕೊನೆಯಲ್ಲಿ ನ್ಯಾಯಮಂಡಳಿ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿದಾಗ ನವಲಗುಂದ ಮತ್ತೆ ಹೊತ್ತಿಕೊಂಡಿತು. ಯಮನೂರಿನಲ್ಲಿ ಹೆಂಗಸರು, ಮುದುಕರು ಎನ್ನದೆ ಲಾಠಿ ಏಟು ತಿಂದರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿಕೊಟ್ಟಿತು. ನಕಾಶೆಯನ್ನು ಇನ್ನೂ ಮಡಿಸದಿದ್ದರೆ ಖಾನಾಪುರ ತಾಲ್ಲೂಕಿನ ಕಣಕುಂಬಿಯನ್ನು ಹುಡುಕಿ. ಮಲಪ್ರಭೆ ಹುಟ್ಟುವುದು ಅಲ್ಲಿ. ಕಳಸಾ ಹಳ್ಳ ಹರಿಯುವುದೂ ಅದರ ಪಕ್ಕದಲ್ಲೇ, ಏರಿನ ಆಚೆ ಬದಿಗೆ.